ಚಕ್ರ ತಿರುಗದಂತೆ ಮೊಬೈಲಿನಲ್ಲಿ ನೇರಪ್ರಸಾರ: ಕಲಬುರಗಿ, ಬೀದರ, ಯಾದಗಿರಿಯ ಮನೆಗಳಿಗೆ ಒಂದು ಮಾರ್ಗದರ್ಶಿ

ಸೇಡಂ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಸೋದರಮಾವನ ಮನೆಯ ಗೋಡೆ ಎರಡು ಅಡಿಗೂ ಹೆಚ್ಚು ದಪ್ಪ. ಶಹಾಬಾದ್ ಕಲ್ಲಿನ ಗೋಡೆ. ನೆಲಕ್ಕೂ ಅದೇ ಫರಸಿ, ಮಾಳಿಗೆಗೂ ಅದೇ. ಏಪ್ರಿಲ್ ಬಿಸಿಲಿನಲ್ಲಿ ಬಂದವರು ಒಳಗೆ ಕಾಲಿಟ್ಟರೆ ಜೀವ ತಣ್ಣಗಾಗುತ್ತದೆ. ಆ ಗೋಡೆಯ ಗೂಡಿನಲ್ಲಿ, ದೇವರ ಪಟದ ಪಕ್ಕ ಫೋನನ್ನು ಒರಗಿಸಿಟ್ಟು ಮಾವ ಸಂಜೆಯ ವಾರ್ತೆ ನೋಡುತ್ತಾರೆ. ತೊಗರಿ ರಾಶಿಯ ಕಾಲದಲ್ಲಿ ನಾನು ಹೋಗಿದ್ದೆ. ಧಾರಣೆಯ ಸುದ್ದಿ ಶುರುವಾಗುವಷ್ಟರಲ್ಲಿ ಚಿತ್ರ ನಿಂತಿತು, ಪರದೆಯ ನಡುವೆ ಚಕ್ರ ತಿರುಗತೊಡಗಿತು.

“ತಮ್ಮಾ, ಈ ಸಿಮ್ ತೆಗೆದು ಬೇರೆ ಹಾಕಿಸಿಕೊಡು. ದಿನಾ ಇದೇ ಗೋಳು” ಎಂದರು.

“ಎರಡು ನಿಮಿಷ ತಡೆಯಿರಿ ಮಾವ” ಎಂದು ಫೋನಿನ ಸೆಟ್ಟಿಂಗ್ಸ್ ತೆರೆದು ಸಿಗ್ನಲ್ ಅಂಕಿ ನೋಡಿದೆ. ಗೂಡಿನಲ್ಲಿ ಮೈನಸ್ 118 ಇತ್ತು. ಫೋನನ್ನು ಮೂಡಣ ಕಿಟಕಿಯ ಕಟ್ಟೆಗೆ ತಂದಿಟ್ಟೆ. ಮೈನಸ್ 99 ಆಯಿತು. ವಾರ್ತೆ ನಿಲ್ಲದೆ ಮುಗಿಯಿತು. ಸಿಮ್ ಬದಲಾಗಲಿಲ್ಲ, ಫೋನ್ ಬದಲಾಗಲಿಲ್ಲ.

ಅಂದಿನಿಂದ ಬಂಧುಬಳಗದ ಹತ್ತಾರು ಮನೆಗಳಲ್ಲಿ ಇದೇ ಕೆಲಸ ಮಾಡಿದ್ದೇನೆ. ನೇರಪ್ರಸಾರಕ್ಕೆ ಭಾರಿ ವೇಗ ಬೇಕಿಲ್ಲ. ಆರು ಇಂಚಿನ ಪರದೆಗೆ ಸೆಕೆಂಡಿಗೆ ಒಂದು ಮೆಗಾಬಿಟ್ ಸಾಕು, ಆದರೆ ಅದು ಕಡಿಯದೆ ಬರಬೇಕು. ಒಂದು ಗಳಿಗೆ ಮೂವತ್ತು ಮೆಗಾಬಿಟ್ ಬಂದು ಮರುಗಳಿಗೆ ಸೊನ್ನೆಯಾಗುವ ಸಂಪರ್ಕಕ್ಕಿಂತ ಸದಾ ಎರಡರಲ್ಲಿ ನಿಂತಿರುವ ಸಂಪರ್ಕ ಎಷ್ಟೋ ಮೇಲು. ಮುಂದೆ ಬರೆದಿರುವುದೆಲ್ಲ ಆ ಸಂಪರ್ಕವನ್ನು ಕಡಿಯದಂತೆ ಕಾಪಾಡುವ ಮತ್ತು ಕಾರ್ಯಕ್ರಮವನ್ನು ಅದರ ಹಕ್ಕುದಾರರಿಂದಲೇ ಪಡೆಯುವ ಕ್ರಮ.

ಮೊದಲ ಹೆಜ್ಜೆ: ರೋಗ ಯಾವುದೆಂದು ತಿಳಿಯಿರಿ

ಚಕ್ರ ತಿರುಗುವುದಕ್ಕೆ ಮುಖ್ಯ ಕಾರಣ ಎರಡು. ಒಂದು, ಸಿಗ್ನಲ್ ನಿಮ್ಮ ಫೋನಿನವರೆಗೆ ಸರಿಯಾಗಿ ತಲುಪದಿರುವುದು. ಇನ್ನೊಂದು, ಸಿಗ್ನಲ್ ಚೆನ್ನಾಗಿದ್ದರೂ ಆ ಟವರಿನ ಮೇಲೆ ಜನ ತುಂಬಿರುವುದು. ಇವೆರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ತಿಳಿಯದೆ ಸಿಮ್ ಮೇಲೆ ಸಿಮ್ ಬದಲಿಸಿದವರನ್ನು ನೋಡಿದ್ದೇನೆ.

ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ಒಂದೊಂದು ತಯಾರಕರು ಒಂದೊಂದು ಬಗೆಯಲ್ಲಿ ಇಟ್ಟಿರುತ್ತಾರೆ. ಅಂಕಿಯನ್ನೇ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ‘ಫೋನ್ ಬಗ್ಗೆ’, ಅದರೊಳಗೆ ‘ಸಿಮ್ ಸ್ಥಿತಿ’ ಎಂಬಲ್ಲಿ ಸಿಗ್ನಲ್ ಬಲ ಎಂದು ಒಂದು ಮೈನಸ್ ಅಂಕಿ ಇರುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆ ಮಾಡಿದರೆ ಪರೀಕ್ಷಾ ಪುಟ ತೆರೆಯುತ್ತದೆ. 4ಜಿಯಲ್ಲಿ ಈ ಅಂಕಿ ಮೈನಸ್ 90ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಮೈನಸ್ 105ರವರೆಗೆ ವಿಡಿಯೊ ನಡೆಯುತ್ತದೆ. ಮೈನಸ್ 110 ದಾಟಿದರೆ ನಿಂತು ನಿಂತು ಬರುತ್ತದೆ. ಮೈನಸ್ ಅಂಕಿಯಾದ್ದರಿಂದ 95 ಎಂದರೆ 115ಕ್ಕಿಂತ ಉತ್ತಮ ಎಂಬುದು ನೆನಪಿರಲಿ.

ಆಮೇಲೆ ವೇಗ ಅಳೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ‘ಮೈಸ್ಪೀಡ್’ ಎಂಬ ಉಚಿತ ಆ್ಯಪ್ ಕೊಟ್ಟಿದೆ. ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಎಂಟರಿಂದ ಹತ್ತರ ನಡುವೆ ಎರಡು ಮೂರು ಸಲ ಅದೇ ಜಾಗದಲ್ಲಿ ಕುಳಿತು ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಕುಸಿದರೆ ಅದು ಜನದಟ್ಟಣೆ. ಹೊತ್ತು ಯಾವುದಾದರೂ ಕಡಿಮೆಯೇ ಇದ್ದರೆ ನಿಮ್ಮ ಗೋಡೆಯ ಅಥವಾ ಟವರಿನ ದೂರದ ತೊಂದರೆ.

ಎರಡನೆಯದು: ಮನೆಯೊಳಗೆ ಫೋನಿನ ಜಾಗ ಹುಡುಕಿ

ನಮ್ಮ ಕಡೆ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಲಬುರಗಿ, ಯಾದಗಿರಿಯ ಕಲ್ಲುಕಟ್ಟಡಗಳು, ಬೀದರದ ಕೆಂಪು ಜಂಬಿಟ್ಟಿಗೆಯ ಗೋಡೆಗಳು ಬಿಸಿಲನ್ನು ತಡೆಯುವ ಹಾಗೆಯೇ ರೇಡಿಯೊ ಅಲೆಯನ್ನೂ ತಡೆಯುತ್ತವೆ. ತಗಡಿನ ಛಾವಣಿಯಂತೂ ಮೇಲಿನಿಂದ ಬರುವ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ. 

ಅಲೆಗಳಲ್ಲಿಯೂ ಬಗೆಗಳಿವೆ. 700, 850, 900 ಮೆಗಾಹರ್ಟ್ಸ್‌ನಂತಹ ಕೆಳಗಿನ ಬ್ಯಾಂಡ್‌ಗಳು ದೂರ ಸಾಗುತ್ತವೆ, ಗೋಡೆಯನ್ನು ಸ್ವಲ್ಪಮಟ್ಟಿಗೆ ದಾಟುತ್ತವೆ. ಆದರೆ ಅವು ಹೊರುವ ಭಾರ ಕಡಿಮೆ. 1800, 2300, 5ಜಿಯ 3500 ಮೆಗಾಹರ್ಟ್ಸ್‌ಗಳು ಹೆಚ್ಚು ಡೇಟಾ ಹೊರುತ್ತವೆ, ಆದರೆ ದಪ್ಪ ಕಲ್ಲಿನ ಮುಂದೆ ಸೋಲುತ್ತವೆ. ಅಂಗಳದಲ್ಲಿ ಓಡುವ ವಿಡಿಯೊ ಪಡಸಾಲೆಗೆ ಬಂದೊಡನೆ ನಿಲ್ಲುವುದು ಇದರಿಂದ. ಹೊರಗೆ ಮೇಲಿನ ಬ್ಯಾಂಡಿನಲ್ಲಿದ್ದ ಫೋನ್ ಒಳಗೆ ಬಂದಾಗ ಊರೆಲ್ಲ ಹಂಚಿಕೊಂಡಿರುವ ಕೆಳಗಿನ ಬ್ಯಾಂಡಿಗೆ ಇಳಿಯುತ್ತದೆ.

ಹೀಗೆ ಮಾಡಿ: ಸಿಗ್ನಲ್ ಅಂಕಿಯ ಪುಟ ತೆರೆದಿಟ್ಟುಕೊಂಡು ಮನೆಯ ಪ್ರತಿ ಕಿಟಕಿ, ಬಾಗಿಲು, ಮಾಳಿಗೆಯ ಮೆಟ್ಟಿಲಿನ ಬಳಿ ನಿಲ್ಲಿ. ಒಂದೊಂದು ಕಡೆ ಅರ್ಧ ನಿಮಿಷವಾದರೂ ಕಾಯಿರಿ, ಏಕೆಂದರೆ ಅಂಕಿ ತಕ್ಷಣ ಬದಲಾಗುವುದಿಲ್ಲ. ಟವರ್ ಯಾವ ದಿಕ್ಕಿಗಿದೆಯೋ ಆ ಕಡೆಯ ಕಿಟಕಿ ಸಾಮಾನ್ಯವಾಗಿ ಗೆಲ್ಲುತ್ತದೆ. ಕಬ್ಬಿಣದ ಗೋದ್ರೇಜ್ ಬೀರು, ಫ್ರಿಜ್ಜು, ಕಾಳು ತುಂಬುವ ತಗಡಿನ ಕಣಜ ಇವುಗಳ ಹಿಂದೆ ಎಂದೂ ಇಡಬೇಡಿ. ಸಿಕ್ಕ ಜಾಗದಲ್ಲಿ ಒಂದು ಹಲಗೆಯನ್ನೋ ಪುಟ್ಟ ಸ್ಟ್ಯಾಂಡನ್ನೋ ಕಾಯಂ ಮಾಡಿಬಿಡಿ. ಮಾವನ ಮನೆಯಲ್ಲಿ ಈಗ ಕಿಟಕಿಕಟ್ಟೆಯೇ ಫೋನಿನ ಜಾಗ. ಅವರ ಕುರ್ಚಿಯೂ ಅಲ್ಲಿಗೇ ಬಂದಿದೆ.

ಕಿಟಕಿಯ ಬಳಿ ಕುಳಿತು ನೋಡಲಾಗದಿದ್ದರೆ ಇನ್ನೊಂದು ದಾರಿ ಇದೆ. ಮನೆಯಲ್ಲಿರುವ ಹಳೆಯ 4ಜಿ ಫೋನಿಗೆ ಸಿಮ್ ಹಾಕಿ ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಚಾಲೂ ಮಾಡಿ. ನೋಡುವ ಫೋನನ್ನು ಅದಕ್ಕೆ ಜೋಡಿಸಿ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 2.4 ಗಿಗಾಹರ್ಟ್ಸ್ ಆರಿಸಿದರೆ ಒಂದು ಗೋಡೆಯಾಚೆಗೂ ತಲುಪುತ್ತದೆ. ದೊಡ್ಡ ಮನೆಯವರು ಸಿಮ್ ಹಾಕುವ 4ಜಿ ರೌಟರ್ ಕೊಳ್ಳಬಹುದು. ಹೊರಗೆ ಆಂಟೆನಾ ಜೋಡಿಸುವ ಸೌಲಭ್ಯ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಆದರೆ ಆನ್‌ಲೈನ್‌ನಲ್ಲಿ ಸಿಗುವ ‘ಸಿಗ್ನಲ್ ಬೂಸ್ಟರ್’ ಪೆಟ್ಟಿಗೆಯನ್ನು ಮಾತ್ರ ಕೊಳ್ಳಬೇಡಿ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ. ಅದು ಟವರಿಗೆ ಗದ್ದಲ ಎಬ್ಬಿಸಿ ಇಡೀ ಓಣಿಯ ಕರೆಗಳನ್ನು ಕೆಡಿಸುತ್ತದೆ. ನಿಮ್ಮೊಬ್ಬರ ಧಾರಾವಾಹಿಗಾಗಿ ಪಕ್ಕದ ಮನೆಯವರ ಆಂಬುಲೆನ್ಸ್ ಕರೆ ಹೋಗದಂತಾಗಬಾರದು.

ಗಡಿಯ ಊರಿನವರು ಇದನ್ನು ಮೊದಲು ನೋಡಿ

ಔರಾದ್, ಭಾಲ್ಕಿ, ಬಸವಕಲ್ಯಾಣ, ಆಳಂದ ಮಹಾರಾಷ್ಟ್ರದ ಅಂಚಿನಲ್ಲಿವೆ. ಚಿಂಚೋಳಿ, ಗುರುಮಠಕಲ್ ತೆಲಂಗಾಣದ ಅಂಚಿನಲ್ಲಿವೆ. ಅಲ್ಲಿನ ಅನೇಕ ಹಳ್ಳಿಗಳಲ್ಲಿ ಫೋನ್ ನಮ್ಮ ಟವರನ್ನು ಬಿಟ್ಟು ಆಚೆ ರಾಜ್ಯದ ಟವರಿಗೆ ಹಾರುತ್ತಿರುತ್ತದೆ. ಸಿಗ್ನಲ್ ಗುರುತಿನ ಪಕ್ಕ ರೋಮಿಂಗ್ ಸೂಚಿಸುವ ‘ಆರ್’ ಅಕ್ಷರ ಬಂದರೆ ಇದೇ ಆಗಿದೆ ಎಂದು ತಿಳಿಯಿರಿ. ಆ ಹೊತ್ತಿನಲ್ಲಿ ‘ಡೇಟಾ ರೋಮಿಂಗ್’ ಗುಂಡಿ ಆಫ್ ಆಗಿದ್ದರೆ ಕರೆ ಬರುತ್ತದೆ, ಇಂಟರ್‌ನೆಟ್ ಮಾತ್ರ ಸಂಪೂರ್ಣ ನಿಲ್ಲುತ್ತದೆ. ಜನ ಫೋನ್ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಹೋಗುತ್ತಾರೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆನ್ ಮಾಡಿ. ಈಗಿನ ಪ್ರಿಪೇಯ್ಡ್ ಪ್ಯಾಕ್‌ಗಳಲ್ಲಿ ದೇಶದೊಳಗಿನ ರೋಮಿಂಗ್‌ಗೆ ಸಾಮಾನ್ಯವಾಗಿ ಬೇರೆ ಶುಲ್ಕವಿರುವುದಿಲ್ಲ. ನಿಮ್ಮ ಪ್ಯಾಕಿನ ವಿವರದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ವಿದೇಶಕ್ಕೆ ಹೋಗುವಾಗ ಮಾತ್ರ ಮರೆಯದೆ ಆಫ್ ಮಾಡಿ.

ಇದಕ್ಕೆ ಹೊಂದಿದ ಇನ್ನೊಂದು ಮಾತು: 5ಜಿ ಒಮ್ಮೆ ಬಂದು ಒಮ್ಮೆ ಹೋಗುವ ಊರಿನಲ್ಲಿ ಫೋನ್ 5ಜಿಗೂ 4ಜಿಗೂ ನಡುವೆ ಜಿಗಿದಾಡುತ್ತದೆ. ಪ್ರತಿ ಜಿಗಿತದಲ್ಲೂ ವಿಡಿಯೊ ತಡವರಿಸುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಆದ್ಯತೆಯ ನೆಟ್‌ವರ್ಕ್ ಎಂಬಲ್ಲಿ 4ಜಿ ಆರಿಸಿ ನೋಡಿ. ಹಲವು ಪ್ಯಾಕ್‌ಗಳಲ್ಲಿ 5ಜಿ ಬಳಕೆ ದಿನದ ಮಿತಿಗೆ ಸೇರುವುದಿಲ್ಲ. 4ಜಿಗೆ ಇಳಿದರೆ ಸೇರುತ್ತದೆ. ಆ ಲೆಕ್ಕ ಇಟ್ಟುಕೊಂಡು ನಿರ್ಧರಿಸಿ.

ಮೂರನೆಯದು: ಗುಣಮಟ್ಟವನ್ನು ನೀವೇ ಕಟ್ಟಿಹಾಕಿ

ನೇರಪ್ರಸಾರ ಒಂದೇ ಧಾರೆಯಾಗಿ ಹರಿದು ಬರುವುದಿಲ್ಲ. ಅದನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ನಾಲ್ಕೈದು ಗುಣಮಟ್ಟದಲ್ಲಿ ಸಿದ್ಧಪಡಿಸಿ ಇಟ್ಟಿರುತ್ತಾರೆ. ಆ್ಯಪ್ ನಿಮ್ಮ ವೇಗ ನೋಡಿಕೊಂಡು ಮುಂದಿನ ತುಣುಕು ಯಾವ ಗುಣಮಟ್ಟದ್ದು ಬೇಕೆಂದು ಕೇಳುತ್ತದೆ. ‘ಆಟೊ’ ಎಂದಿದ್ದರೆ ವೇಗ ಸ್ವಲ್ಪ ಏರಿದಾಗ ಅದು ಆಸೆಪಟ್ಟು ದೊಡ್ಡ ತುಣುಕು ಕೇಳುತ್ತದೆ. ಅದು ಬಂದು ಮುಗಿಯುವ ಮೊದಲೇ ವೇಗ ಬಿದ್ದರೆ ಚಕ್ರ ತಿರುಗುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಆಟೊ ಬಿಟ್ಟು 480ಪಿ ಆರಿಸಿ, ಅಲ್ಲಿಯೂ ತಡವರಿಸಿದರೆ 360ಪಿಗೆ ಇಳಿಸಿ. ಸುದ್ದಿ, ಪ್ರವಚನ, ಚರ್ಚೆಗೆ 360ಪಿ ಧಾರಾಳವಾಯಿತು. ಕ್ರಿಕೆಟ್‌ನಲ್ಲಿ ಚೆಂಡು ಕಾಣಬೇಕಾದ್ದರಿಂದ 480ಪಿ ಬೇಕು.

ಸಿನಿಮಾ ನೋಡುವಾಗ ಆ್ಯಪ್ ಹತ್ತಾರು ನಿಮಿಷದಷ್ಟು ಮುಂಚಿತವಾಗಿ ತುಂಬಿಸಿಕೊಳ್ಳಬಹುದು. ನೇರಪ್ರಸಾರದಲ್ಲಿ ಅದು ಸಾಧ್ಯವಿಲ್ಲ, ಏಕೆಂದರೆ ಮುಂದಿನ ಎಸೆತವನ್ನು ಬೌಲರ್ ಇನ್ನೂ ಹಾಕಿಯೇ ಇಲ್ಲ. ಇದಕ್ಕೊಂದು ಸುಲಭ ಉಪಾಯವಿದೆ, ಯೂಟ್ಯೂಬಿನಲ್ಲಿ ಮತ್ತು ಹಿಂದಕ್ಕೆ ಸರಿಸಲು ಬಿಡುವ ಇತರ ಆ್ಯಪ್‌ಗಳಲ್ಲಿ ನಡೆಯುತ್ತದೆ. ಪ್ರಸಾರ ಶುರುವಾದ ಮೇಲೆ ಅರ್ಧ ನಿಮಿಷ ತಡೆದು ನಿಲ್ಲಿಸಿ (ಪಾಜ್ ಮಾಡಿ), ಆಮೇಲೆ ಬಿಡಿ. ಈಗ ನೀವು ಅರ್ಧ ನಿಮಿಷ ಹಿಂದಿದ್ದೀರಿ. ಆ ಅರ್ಧ ನಿಮಿಷದ ತುಣುಕುಗಳು ನಿಮ್ಮ ಕೈಯಲ್ಲಿ ಗಂಟಾಗಿ ಉಳಿದಿವೆ. ನಡುವೆ ಸಿಗ್ನಲ್ ಹತ್ತು ಸೆಕೆಂಡ್ ಹೋದರೂ ಚಿತ್ರ ನಿಲ್ಲುವುದಿಲ್ಲ. ಕೆಂಪು ‘ಲೈವ್’ ಗುಂಡಿ ಒತ್ತಿದರೆ ಆ ಗಂಟು ಕರಗಿಹೋಗುತ್ತದೆ, ಅದನ್ನು ಮುಟ್ಟಬೇಡಿ. ಹೇಗೂ ಮೊಬೈಲಿನ ನೇರಪ್ರಸಾರ ಕೇಬಲ್‌ಗಿಂತ ಕೆಲವು ಹತ್ತು ಸೆಕೆಂಡ್ ಹಿಂದೆಯೇ ಇರುತ್ತದೆ, ವಿಕೆಟ್ ಬಿದ್ದಾಗ ಪಕ್ಕದ ಮನೆಯ ಕೂಗು ಮೊದಲು ಕೇಳಿಸಿಯೇ ತೀರುತ್ತದೆ.

ಡೇಟಾದ ಲೆಕ್ಕ

ಸೂತ್ರ ಒಂದೇ: ಸೆಕೆಂಡಿಗೆ ಒಂದು ಮೆಗಾಬಿಟ್ ಎಂದರೆ ಗಂಟೆಗೆ 450 ಎಂಬಿ. 480ಪಿ ಪ್ರಸಾರಕ್ಕೆ ಹೆಚ್ಚುಕಡಿಮೆ ಇಷ್ಟೇ ಹಿಡಿಯುತ್ತದೆ. 360ಪಿಗೆ ಸುಮಾರು 270 ಎಂಬಿ. 720ಪಿ ಸುಮಾರು 2.5 ಮೆಗಾಬಿಟ್ ಕೇಳುವುದರಿಂದ ಗಂಟೆಗೆ ಒಂದು ಜಿಬಿ ದಾಟುತ್ತದೆ, 1080ಪಿ ಎರಡು ಜಿಬಿ ದಾಟುತ್ತದೆ. ಆ್ಯಪ್‌ನಿಂದ ಆ್ಯಪ್‌ಗೆ ಇದು ಸ್ವಲ್ಪ ಹೆಚ್ಚುಕಡಿಮೆಯಾಗಬಹುದು. ದಿನಕ್ಕೆ 1.5 ಜಿಬಿ ಪ್ಯಾಕಿನವರು ಮೂರೂವರೆ ಗಂಟೆಯ ಟಿ20 ಪಂದ್ಯವನ್ನು 480ಪಿಯಲ್ಲಿ ನೋಡಿದರೆ 1,575 ಎಂಬಿ ಬೇಕು. ಕೊನೆಯ ಓವರಿನ ಹೊತ್ತಿಗೆ ಡೇಟಾ ಖಾಲಿ. 360ಪಿಯಲ್ಲಿ ನೋಡಿದರೆ 945 ಎಂಬಿಯಲ್ಲಿ ಪಂದ್ಯ ಮುಗಿದು ಅರ್ಧ ಜಿಬಿ ಉಳಿಯುತ್ತದೆ. ಮಿತಿ ಮುಗಿದ ಮೇಲೆ ಬಹಳಷ್ಟು ಪ್ಯಾಕ್‌ಗಳಲ್ಲಿ ವೇಗ 64 ಕಿಲೊಬಿಟ್‌ಗೆ ಇಳಿಯುತ್ತದೆ. 360ಪಿಗೆ ಬೇಕಾದದ್ದು ಅದರ ಒಂಬತ್ತು ಪಟ್ಟಿಗೂ ಹೆಚ್ಚು. ಆದ್ದರಿಂದ ಕಾದು ಕೂರುವುದರಲ್ಲಿ ಅರ್ಥವಿಲ್ಲ.

ನಿಮಗೆ ಗೊತ್ತಿಲ್ಲದಂತೆ ಡೇಟಾ ತಿನ್ನುವವನ್ನು ನಿಲ್ಲಿಸಿ: ವಾಟ್ಸ್ಆ್ಯಪ್ ತಾನಾಗಿ ವಿಡಿಯೊ ಇಳಿಸಿಕೊಳ್ಳುವುದು, ಫೋಟೊಗಳ ಬ್ಯಾಕಪ್, ಪ್ಲೇ ಸ್ಟೋರಿನ ಅಪ್‌ಡೇಟ್. ಇವನ್ನೆಲ್ಲ ‘ವೈಫೈನಲ್ಲಿ ಮಾತ್ರ’ ಎಂದು ಇಡಿ. ಫೋನಿನ ಹಾಟ್‌ಸ್ಪಾಟಿನಿಂದ ಸ್ಮಾರ್ಟ್ ಟಿವಿಗೆ ಕೊಡುವವರು ಇನ್ನೂ ಎಚ್ಚರವಾಗಿರಬೇಕು. ಅದನ್ನು ವೈಫೈ ಎಂದೇ ಟಿವಿ ತಿಳಿಯುವುದರಿಂದ ಸಿಗುವಷ್ಟು ದೊಡ್ಡ ಗುಣಮಟ್ಟವನ್ನೇ ಎಳೆದುಕೊಳ್ಳುತ್ತದೆ. ಟಿವಿಯ ಆ್ಯಪ್‌ನೊಳಗೆ ಹೋಗಿ ಗುಣಮಟ್ಟ ಇಳಿಸಿ.

ನಾಲ್ಕನೆಯದು: ಯಾವ ಬಾಗಿಲಿನಿಂದ ಒಳಗೆ ಹೋಗಬೇಕು

ದೂರದರ್ಶನದಿಂದ ಶುರುಮಾಡುತ್ತೇನೆ, ಅದಕ್ಕೆ ನಮ್ಮ ಕಡೆಯಲ್ಲಿ ಒಂದು ನಂಟಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸುವ ಪ್ರಯೋಗ ನಡೆಯಿತು. ಅದರ ಹೆಸರು ಸೈಟ್. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳನ್ನು. ಯಾದಗಿರಿ ಆಗ ಕಲಬುರಗಿಯ ಒಳಗೇ ಇತ್ತು. ಬೆಂಗಳೂರಿಗೆ ತನ್ನದೇ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಬೆಂಗಳೂರಿಗಿಂತ ಮೊದಲು ನಮ್ಮ ಹಳ್ಳಿಗಳು ಆಕಾಶದಿಂದ ಇಳಿದ ಚಿತ್ರ ನೋಡಿದ್ದವು. ಶಾಲೆಯ ಅಂಗಳದಲ್ಲಿ ಕಂಬಳಿ ಹಾಸಿಕೊಂಡು ಊರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕೂರುತ್ತಿದ್ದ ನೆನಪನ್ನು ಮಾವ ಈಗಲೂ ಹೇಳುತ್ತಾರೆ.

ಆ ದೂರದರ್ಶನ ಈಗ ಫೋನಿನಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ಆ್ಯಪ್ ತಂದಿದೆ. ಮೊಬೈಲ್ ಸಂಖ್ಯೆ ಕೊಟ್ಟು ನೋಂದಾಯಿಸಿಕೊಂಡರೆ ನೇರಪ್ರಸಾರದ ವಿಭಾಗದಲ್ಲಿ ದೂರದರ್ಶನದ ವಾಹಿನಿಗಳಿವೆ. ಡಿಡಿ ಚಂದನಕ್ಕೆ ತನ್ನ ಯೂಟ್ಯೂಬ್ ವಾಹಿನಿಯೂ ಇದೆ. ಸುದ್ದಿ ವಾಹಿನಿಗಳಾದ ಟಿವಿ9 ಕನ್ನಡ, ಪಬ್ಲಿಕ್ ಟಿವಿ, ಏಷ್ಯಾನೆಟ್ ಸುವರ್ಣ ನ್ಯೂಸ್ ತಮ್ಮ ಅಧಿಕೃತ ಯೂಟ್ಯೂಬ್ ಪುಟಗಳಲ್ಲಿ ನೇರಪ್ರಸಾರ ಕೊಡುತ್ತವೆ. ಇದಕ್ಕೂ ಹಣ ಬೇಡ.

ಮನರಂಜನೆಯ ವಾಹಿನಿಗಳು ಅವುಗಳ ಒಡೆಯರ ಆ್ಯಪ್‌ಗಳಲ್ಲಿವೆ: ಝೀ ಕನ್ನಡಕ್ಕೆ ಝೀ5, ಉದಯಕ್ಕೆ ಸನ್ ನೆಕ್ಸ್ಟ್, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣಕ್ಕೆ ಜಿಯೋಹಾಟ್‌ಸ್ಟಾರ್. ಇವುಗಳಲ್ಲಿ ಬಹುಪಾಲಿಗೆ ಚಂದಾ ಬೇಕು. ಹಣ ಕಟ್ಟುವ ಮುನ್ನ ನಿಮ್ಮ ಸಿಮ್ ಕಂಪನಿಯ ಆ್ಯಪ್ ತೆರೆದು ನೋಡಿ, ಏಕೆಂದರೆ ನಿಮ್ಮ ರೀಚಾರ್ಜ್ ಪ್ಯಾಕಿನಲ್ಲೇ ಯಾವುದೋ ಚಂದಾ ಸೇರಿದ್ದು ನೀವು ಅದನ್ನು ಚಾಲೂ ಮಾಡಿರದೆ ಇರಬಹುದು. ಜಿಯೋ ಸಿಮ್‌ನವರಿಗೆ ಜಿಯೋಟಿವಿ, ಏರ್‌ಟೆಲ್‌ನವರಿಗೆ ಏರ್‌ಟೆಲ್ ಎಕ್ಸ್‌ಸ್ಟ್ರೀಮ್ ಪ್ಲೇ ಇವೆ. ಒಂದು ಮನೆಯಲ್ಲಿ ಸೊಸೆ ಮೂರು ತಿಂಗಳ ಚಂದಾ ಕಟ್ಟಿದ ಮೇಲೆ, ಅದು ಅತ್ತೆಯ ರೀಚಾರ್ಜ್‌ನಲ್ಲೇ ಇತ್ತೆಂದು ತಿಳಿಯಿತು.

ಕ್ರಿಕೆಟ್ ವಿಷಯದಲ್ಲಿ ಒಂದು ಗೊಂದಲ ಬಗೆಹರಿಸಬೇಕು. ಡಿಡಿ ಸ್ಪೋರ್ಟ್ಸ್‌ನಲ್ಲಿ ಭಾರತದ ಪಂದ್ಯ ಬರುತ್ತಿದೆ ಎಂದು ಕೇಳಿ ಆ್ಯಪ್ ತೆರೆದರೆ ಅಲ್ಲಿ ಬೇರೆ ಕಾರ್ಯಕ್ರಮ ಇರಬಹುದು. ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಆದರೆ ಆ ಪ್ರಸಾರ ದೂರದರ್ಶನದ ಭೂಮಟ್ಟದ ಜಾಲಕ್ಕೂ ಅದರ ಡಿಟಿಎಚ್‌ಗೂ ಸೀಮಿತ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹೀಗಾಗಿ ಆ ಪಂದ್ಯವನ್ನು ಮೊಬೈಲಿನಲ್ಲಿ ನೋಡಲು ಹಕ್ಕು ಪಡೆದವರ ಆ್ಯಪ್‌ಗೇ ಹೋಗಬೇಕು, ಇಲ್ಲವೇ ಮನೆಯ ಮೇಲೆ ಡಿಡಿ ಫ್ರೀ ಡಿಶ್ ಹಾಕಿಸಬೇಕು. ಫ್ರೀ ಡಿಶ್‌ಗೆ ಡಿಶ್ಶು, ಪೆಟ್ಟಿಗೆಯ ಖರ್ಚು ಒಮ್ಮೆ ಮಾತ್ರ. ತಿಂಗಳ ಬಾಡಿಗೆ ಇಲ್ಲ. ಟವರ್ ತೀರ ದೂರವಿರುವ ತಾಂಡಾ, ಹೊಲದ ಮನೆಗಳವರಿಗೆ ಡೇಟಾದ ಹಿಂದೆ ಓಡುವ ಬದಲು ಇದನ್ನೇ ಹಾಕಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.

‘ಎಲ್ಲ ಚಾನೆಲ್ ಉಚಿತ’ ಎಂಬ ಎಪಿಕೆ ಬಂದರೆ

ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಒಂದು ಫೈಲ್ ಕಳಿಸುತ್ತಾರೆ, ಹೆಸರಿನ ಕೊನೆಗೆ ಎಪಿಕೆ ಎಂದಿರುತ್ತದೆ; ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್‌ನ ಫೈಲ್ ಅದು. ಅದನ್ನು ತೆರೆದರೆ ‘ಅಪರಿಚಿತ ಮೂಲದ ಆ್ಯಪ್‌ಗೆ ಅನುಮತಿ ಕೊಡಿ’ ಎನ್ನುತ್ತದೆ. ಅಲ್ಲೇ ನಿಲ್ಲಿ. ಟಿವಿ ತೋರಿಸುವ ಆ್ಯಪ್‌ಗೆ ನಿಮ್ಮ ಎಸ್‌ಎಂಎಸ್ ಓದುವ ಅನುಮತಿ ಏಕೆ ಬೇಕು? ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಏಕೆ ಬೇಕು? ಮೊದಲನೆಯದರಿಂದ ಅದು ಬ್ಯಾಂಕಿನ ಒಟಿಪಿ ಓದುತ್ತದೆ, ಎರಡನೆಯದರಿಂದ ನಿಮ್ಮ ಪರದೆಯ ಮೇಲೆ ತಾನೇ ಬೆರಳಾಡಿಸುತ್ತದೆ. ರೈತರ ಬೆಳೆ ಪರಿಹಾರ, ಪಿಂಚಣಿ, ಗೃಹಲಕ್ಷ್ಮಿ ಹಣ ಬರುವ ಖಾತೆ ಇದೇ ಫೋನಿಗೆ ಜೋಡಿಸಿದೆ ಎಂಬುದನ್ನು ಯೋಚಿಸಿ.

ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷದ ವಿಶೇಷ ಹಕ್ಕು ಕೊಟ್ಟಿದೆ. ಅನುಮತಿಯಿಲ್ಲದೆ ಅದನ್ನು ಮರುಪ್ರಸಾರ ಮಾಡುವುದು ಉಲ್ಲಂಘನೆ. 63ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡವಿದೆ. ಗುಂಪಿನಲ್ಲಿ ಅಂಥ ಕೊಂಡಿಯನ್ನು ಮುಂದೆ ದಾಟಿಸುವ ಕೆಲಸಕ್ಕೂ ಕೈ ಹಾಕಬೇಡಿ.

ಯೂಟ್ಯೂಬಿನಲ್ಲಿ ನಕಲಿ ಪ್ರಸಾರ ಗುರುತಿಸುವುದು ಕಷ್ಟವಲ್ಲ. ಚಿತ್ರ ಒಂದು ಚೌಕಟ್ಟಿನೊಳಗೆ ಚಿಕ್ಕದಾಗಿರುತ್ತದೆ, ಇಲ್ಲವೇ ಎಡಬಲ ಅದಲುಬದಲಾಗಿ ಅಂಕಪಟ್ಟಿಯ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತವೆ. ಕಂಪನಿಯ ತಪಾಸಣಾ ಯಂತ್ರ ಹಿಡಿಯದಿರಲೆಂದು ಕಳ್ಳರು ಹೀಗೆ ಮಾಡುತ್ತಾರೆ. ವಾಹಿನಿಯ ಹೆಸರಿನ ಪಕ್ಕ ಟಿಕ್ ಗುರುತು ಇದೆಯೇ ನೋಡಿ. ಪ್ಲೇ ಸ್ಟೋರಿನಲ್ಲಿ ಆ್ಯಪ್ ಹೆಸರಿನ ಕೆಳಗೆ ತಯಾರಕರ ಹೆಸರಿರುತ್ತದೆ, ಅದನ್ನು ಓದಿ ಆಮೇಲೆ ಇಳಿಸಿಕೊಳ್ಳಿ.

ಈಗಾಗಲೇ ಹಾಕಿಕೊಂಡಿದ್ದರೆ ತಡಮಾಡಬೇಡಿ. ಮೊದಲು ಏರೋಪ್ಲೇನ್ ಮೋಡ್ ಹಾಕಿ. ಆ ಆ್ಯಪ್‌ಗೆ ಕೊಟ್ಟ ಆ್ಯಕ್ಸೆಸಿಬಿಲಿಟಿ ಮತ್ತು ‘ಡಿವೈಸ್ ಅಡ್ಮಿನ್’ ಅನುಮತಿಗಳನ್ನು ತೆಗೆದು, ನಂತರ ಆ್ಯಪ್ ಅಳಿಸಿ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಬೇಸಿಗೆ, ಕರೆಂಟು, ಜಾತ್ರೆ

ನಮ್ಮ ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟುತ್ತದೆ. ಫೋನ್ ಕಾದಾಗ ತನ್ನನ್ನು ಉಳಿಸಿಕೊಳ್ಳಲು ಪರದೆಯನ್ನು ಮಂಕು ಮಾಡುತ್ತದೆ, ವೇಗ ಇಳಿಸುತ್ತದೆ, ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಜನ ಇದನ್ನೂ ನೆಟ್‌ವರ್ಕ್ ತೊಂದರೆ ಎಂದುಕೊಳ್ಳುತ್ತಾರೆ. ನೋಡುವಾಗ ಚಾರ್ಜಿಗೆ ಹಾಕಬೇಡಿ, ಹಿಂಬದಿಯ ಕವಚ ತೆಗೆಯಿರಿ, ಬೆಳಕು ಅರ್ಧಕ್ಕೆ ಇಳಿಸಿ, ಫ್ಯಾನ್ ಗಾಳಿಗೆ ಫರಸಿಯ ಮೇಲಿಡಿ. ಕಿಟಕಿಯೇ ನಿಮ್ಮ ಜಾಗವಾಗಿದ್ದರೆ ಬಿಸಿಲು ನೇರ ಬೀಳದಂತೆ ಒಂದು ಬಟ್ಟೆ ಇಳಿಬಿಡಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಒಳಗೆ ಹನಿಗಟ್ಟಿ ಫೋನ್ ಸಾಯುತ್ತದೆ.

ಕರೆಂಟು ಬಹಳ ಹೊತ್ತು ಹೋದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಆಗ ನಿಮ್ಮ ಫೋನ್ ದೂರದ ಟವರನ್ನು ಹಿಡಿಯುತ್ತದೆ. ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಯಾದಗಿರಿ ಬಳಿಯ ಮೈಲಾಪುರದ ಸಂಕ್ರಾಂತಿ ಜಾತ್ರೆಯಂತಹ ಕಡೆ ಸಾವಿರಾರು ಫೋನುಗಳು ಒಂದೇ ಟವರಿಗೆ ಮುತ್ತುತ್ತವೆ; ಕಡ್ಡಿ ಪೂರ್ತಿ ಇದ್ದರೂ ಏನೂ ತೆರೆಯುವುದಿಲ್ಲ. ಅಲ್ಲಿ ನೇರಪ್ರಸಾರದ ಆಸೆ ಬಿಟ್ಟುಬಿಡಿ. ಕಲಬುರಗಿ–ಬೀದರ ರೈಲಿನಲ್ಲಿಯೂ ಇದೇ ಮಾತು. ಟವರಿನಿಂದ ಟವರಿಗೆ ಸಂಪರ್ಕ ದಾಟುತ್ತ ಹೋಗುವುದರಿಂದ ವಿಡಿಯೊ ಕಡಿಯುತ್ತದೆ. ಇಂಥ ಕಡೆ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಆಕಾಶವಾಣಿ ಕೇಳುವುದು ಸಾಧ್ಯವಾಗುತ್ತದೆ; ಧ್ವನಿಗೆ ಬೇಕಾದ ಡೇಟಾ ವಿಡಿಯೊದ್ದಕ್ಕಿಂತ ಬಹಳ ಕಡಿಮೆ.

ಕೊನೆಗೂ ಸಿಮ್ ಬದಲಿಸಲೇಬೇಕಾದರೆ

ಇಷ್ಟೆಲ್ಲ ಮಾಡಿದ ಮೇಲೂ ಚೀಟಿಯಲ್ಲಿ ಬರೆದ ರಾತ್ರಿಯ ಅಂಕಿ ಒಂದು ಮೆಗಾಬಿಟ್ ದಾಟದಿದ್ದರೆ ಕಂಪನಿ ಬದಲಿಸುವುದು ಸರಿ. ಆದರೆ ಜಾಹೀರಾತು ನೋಡಿ ನಿರ್ಧರಿಸಬೇಡಿ. ಯಾವ ಕಂಪನಿಯ ಸಿಗ್ನಲ್ ಎಲ್ಲಿದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕೆಂದು ಟ್ರಾಯ್ ನಿಯಮ ಮಾಡಿದೆ, ನಿಮ್ಮ ಊರನ್ನು ಅಲ್ಲಿ ಹುಡುಕಿ. ಅದಕ್ಕಿಂತ ಒಳ್ಳೆಯದು, ಬೇರೆ ಕಂಪನಿಯ ಸಿಮ್ ಇರುವ ನೆಂಟರನ್ನು ರಾತ್ರಿ ಊಟಕ್ಕೆ ಕರೆದು, ಅವರ ಫೋನನ್ನು ನಿಮ್ಮ ಕಿಟಕಿಕಟ್ಟೆಯ ಮೇಲಿಟ್ಟು ಎಂಟೂವರೆಗೆ ಅಳೆಯುವುದು.

ಸಂಖ್ಯೆ ಉಳಿಸಿಕೊಂಡೇ ಬದಲಾಗಲು ಪೋರ್ಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ಮೊಬೈಲ್ ಸಂಖ್ಯೆ ಬರೆದು 1900ಕ್ಕೆ ಎಸ್‌ಎಂಎಸ್ ಮಾಡಿ. ಎಂಟು ಅಕ್ಷರದ ಒಂದು ಕೋಡ್ ಬರುತ್ತದೆ, ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಈಗಿನ ಕಂಪನಿಯಲ್ಲಿ ಕನಿಷ್ಠ 90 ದಿನ ಕಳೆದಿರಬೇಕು. ಕೋಡ್ ಮತ್ತು ಗುರುತಿನ ದಾಖಲೆ ಹಿಡಿದು ಹೊಸ ಕಂಪನಿಯ ಅಂಗಡಿಗೆ ನೀವೇ ಹೋಗಿ. ಫೋನಿನಲ್ಲಿ ಕೇಳಿದವರಿಗೆ ಆ ಕೋಡ್ ಹೇಳಬೇಡಿ. ಹೊಸ ಸಿಮ್ ಚಾಲೂ ಆಗುವ ಹೊತ್ತಿನಲ್ಲಿ ಕೆಲವು ಗಂಟೆ ಸಂಪರ್ಕ ಇರುವುದಿಲ್ಲ. ಅಂದು ಪಂದ್ಯವಾಗಲಿ, ಬ್ಯಾಂಕಿನ ಒಟಿಪಿ ಕೆಲಸವಾಗಲಿ ಇಟ್ಟುಕೊಳ್ಳಬೇಡಿ.